ಅರವತ್ತೆರಡು ಸುತ್ತು

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರು ಯಾರೂ ಇಲ್ಲ. ನಿಧಾನಯ್ಯ ಅಂದರೇ ಎಲ್ಲರಿಗೂ ಗೊತ್ತು. ಬೆಳಿಗ್ಗೆ ಗಾಡಿ ತಂದು ಬಿಟ್ಟು "ಸಂಜೆಗೆ ಸಿಗುತ್ತಾ?" ಅಂತ ಕೇಳಿದರೆ "ಯಾವ ಸಂಜೆಗೆ?" ಅನ್ನುವ ಆಸಾಮಿ. ಎದುರಿನ ಟೈರು ಅಂಗಡಿಯವನು ಹೊಸ ಗಿರಾಕಿಗಳಿಗೆ ಮೊದಲೇ ಎಚ್ಚರಿಕೆ ಕೊಡುತ್ತಿದ್ದ: "ನಿಧಾನಯ್ಯನ ಹತ್ರ ಕೊಟ್ರಾ? ಮನೇಲಿ ಮಕ್ಕಳಿಗೆ ಹೇಳಿಟ್ಟಿರಿ, ಅವರಾದ್ರೂ ಬಂದು ತಗೊಂಡು ಹೋಗ್ಲಿ." ಆದರೆ ಇದೇ ಟೈರಿನವನ ಸ್ವಂತ ವ್ಯಾನು ಕೆಟ್ಟರೆ ಬಾಯಿ ಮುಚ್ಚಿಕೊಂಡು ರಸ್ತೆ ದಾಟಿಸಿ ಇಲ್ಲಿಗೇ ತಳ್ಳಿಕೊಂಡು ಬರುತ್ತಿದ್ದ. ನಿಧಾನಯ್ಯ ಒಮ್ಮೆ ಮುಚ್ಚಿದ ಎಂಜಿನ್ನನ್ನು ಮತ್ತೆ ಬಿಚ್ಚಬೇಕಾಗಿ ಬಂದದ್ದೇ ಇಲ್ಲ. ಮೂರು ತಿಂಗಳ ಹಿಂದಿನವರೆಗೂ ಹೀಗೇ ಇತ್ತು.

ಮೂರು ತಿಂಗಳ ಹಿಂದೆ, ಒಂದು ಮಂಗಳವಾರ ಮಧ್ಯಾಹ್ನ, ಅವನ ಅಕ್ಕ ತೀರಿಕೊಂಡಳು. ಶುಕ್ರವಾರ ಬೆಳಿಗ್ಗೆ ಎಂದಿನ ಹೊತ್ತಿಗೆ ಅವನು ಷಟರ್ ಎತ್ತಿದ. ಬೀದಿಗೆ ಬೀದಿಯೇ ಮೂಗಿನ ಮೇಲೆ ಬೆರಳಿಟ್ಟಿತು. ಒಂದು ಹನಿ ಕಣ್ಣೀರಿಲ್ಲ, ಒಂದು ಬಿಕ್ಕಿಲ್ಲ. "ಹೀಗಾಗಬಾರದಿತ್ತು" ಅಂದವರಿಗೂ "ಹೂಂ", "ಧೈರ್ಯ ತಂದ್ಕೊಳ್ಳಿ" ಅಂದವರಿಗೂ "ಹೂಂ". ನಿಜ ಹೇಳಬೇಕೆಂದರೆ ಅವನಿಗೆ ಧೈರ್ಯಕ್ಕೇನೂ ಬರ ಬಂದಿರಲಿಲ್ಲ. ಬಂದದ್ದು ಒಂದು ಬಗೆಯ ಜೋಮು. ಬಹಳ ಹೊತ್ತು ಕುಕ್ಕರುಗಾಲಿನಲ್ಲಿ ಕೂತು ಎದ್ದಾಗ ಕಾಲು ಬೇರೆ ಯಾರದೋ ಅನ್ನಿಸುತ್ತದಲ್ಲ, ಹಾಗೆ. ಚಿವುಟಿದರೆ ಚಿವುಟಿದ್ದು ಕಾಣುತ್ತದೆ, ನೋವು ಮಾತ್ರ ಇಲ್ಲ. ಕಾಲಿನ ಜೋಮಾದರೆ ಐದು ನಿಮಿಷಕ್ಕೆ ಬಿಡುತ್ತದೆ. ಇದು ಬಿಡಲಿಲ್ಲ. ಊಟ ಮಾಡುತ್ತಿದ್ದ, ಏನು ತಿಂದೆ ಅಂತ ಕೇಳಿದರೆ ಯೋಚನೆ ಮಾಡಬೇಕಿತ್ತು. ನಿದ್ದೆಯೂ ಬರುತ್ತಿತ್ತು. ಅಕ್ಕನ ಕೋಣೆಯ ಬಾಗಿಲ ಮುಂದೆ ದಿನಕ್ಕೆ ಹತ್ತು ಸಲ ಓಡಾಡಿದರೂ ಎದೆಯಲ್ಲಿ ಏನೂ ಆಗುತ್ತಿರಲಿಲ್ಲ. ಆಗಬೇಕಿತ್ತಲ್ಲ ಅಂತ ಒಂದೊಂದು ಸಲ ನಿಂತು ಕಾಯುತ್ತಿದ್ದ. ಏನೂ ಬಾರದಿದ್ದಾಗ ಮುಂದೆ ಹೋಗುತ್ತಿದ್ದ.

ಅಕ್ಕ ಅವನಿಗಿಂತ ಏಳು ವರ್ಷ ದೊಡ್ಡವಳು. ಗಂಡ ಹೋದ ಮೇಲೆ, ನಾಲ್ಕು ವರ್ಷದ ಮಗಳನ್ನು ಸೊಂಟದ ಮೇಲೂ ಹೊಲಿಗೆ ಮಿಷನ್ನನ್ನು ಕೈಗಾಡಿಯ ಮೇಲೂ ಇಟ್ಟುಕೊಂಡು ತಮ್ಮನ ಬಾಗಿಲಿಗೆ ಬಂದಾಗ ಅವನಿಗೆ ಇಪ್ಪತ್ತನಾಲ್ಕು. ಆಗಷ್ಟೇ ಈ ಷೆಡ್ಡು ಹಿಡಿದಿದ್ದ. ಮುಂದೆ ಷಟರ್, ನಡುವೆ ಗಾಡಿಯ ಕೆಳಗೆ ಇಳಿದು ಕೆಲಸ ಮಾಡಲು ಒಂದು ಗುಂಡಿ, ಹಿಂದೆ ಎರಡು ಕೋಣೆ, ಒಂದು ಅಡುಗೆಮನೆ. "ನಿನ್ನ ಎಣ್ಣೆ ನನ್ನ ಬಟ್ಟೆಗೆ ತಾಗಿದ್ರೆ ಕೈ ಮುರೀತೀನಿ" ಅಂತ ಮೊದಲ ದಿನವೇ ತಾಕೀತು ಮಾಡಿ ಅವಳು ಷಟರಿನ ಪಕ್ಕದ ಕಿಟಕಿಯ ಕೆಳಗೆ ಮಿಷನ್ನು ಹಾಕಿಕೊಂಡಳು. ಶಾಲೆಯ ಸಮವಸ್ತ್ರ, ಪರದೆ, ದಿಂಬಿನ ಚೀಲ, ಆಮೇಲಾಮೇಲೆ ಕಾರಿನ ಸೀಟಿನ ಕವರು. ತಮ್ಮ ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದವರಿಗೆ ಅಕ್ಕನೇ ಉತ್ತರ ಕೊಡುತ್ತಿದ್ದಳು: "ಹುಡುಗಿ ನೋಡೋಕೆ ಹೊರಟಿದ್ದಾನೆ. ಇನ್ನೂ ಚಪ್ಪಲಿ ಹಾಕ್ಕೊಳ್ತಿದ್ದಾನೆ."

ಅವಳು ಕಾರಿನ ಕೆಲಸಕ್ಕೆ ಕೈ ಹಚ್ಚಿದ್ದು ಮೊದಲನೆಯ ವರ್ಷವೇ. ಎಂಜಿನ್ನಿನ ಟೈಮಿಂಗ್ ಚೈನು ಕೂರಿಸುವುದು ಅಂದರೆ ಒಬ್ಬರಿಂದ ಆಗುವಂಥದ್ದಲ್ಲ, ಅದರಲ್ಲೂ ಗುಂಡಿಯ ಮೇಲೆ ನಿಂತ ಗಾಡಿಯಲ್ಲಿ. ಕೆಳಗೆ ಪಿಸ್ಟನ್ನುಗಳನ್ನು ಓಡಿಸುವ ಕ್ರ್ಯಾಂಕಿನ ಹಲ್ಲುಗಾಲಿ, ಮೇಲೆ ವಾಲ್ವುಗಳನ್ನು ತೆಗೆದು ಮುಚ್ಚುವ ಕ್ಯಾಮ್‌ಗಳ ಹಲ್ಲುಗಾಲಿ, ಎರಡರ ತಾಳ ತಪ್ಪದ ಹಾಗೆ ಹಿಡಿದಿರುವುದು ಚೈನು. ತಾಳ ತಪ್ಪಿತೋ, ವಾಲ್ವು ಹೋಗಿ ಪಿಸ್ಟನ್ನಿಗೆ ಹೊಡೆಯುತ್ತದೆ, ಎಂಜಿನ್ನು ಗುಜರಿಗೆ. ಹಾಗಾಗಿ ಗಾಲಿಗಳ ಮೇಲಿನ ಗುರುತುಗಳೂ ಚೈನಿನ ಮೇಲೆ ಬಣ್ಣ ಹಚ್ಚಿದ ಕೊಂಡಿಗಳೂ ಒಂದಕ್ಕೊಂದು ಎದುರಾಗಿ ಕೂರಬೇಕು. ಅವನು ಗುಂಡಿಯೊಳಗೆ ನಿಂತು ಸ್ಪ್ಯಾನರ್ ಹಾಕಿ ಕ್ರ್ಯಾಂಕನ್ನು ತಿರುಗಿಸುತ್ತ ಕೆಳಗಿನ ಗುರುತು ನೋಡುತ್ತಿದ್ದ. ಅಕ್ಕ ಬಾನೆಟ್ಟಿನೊಳಗೆ ಬಗ್ಗಿ ಮೇಲಿನ ಗುರುತುಗಳನ್ನು ಕಾಯುತ್ತಿದ್ದಳು. ಸರಿಯಾಗಿ ಬಂದ ಕೂಡಲೇ "ಸಾಕು" ಅನ್ನುತ್ತಿದ್ದಳು. ತಿರುಗಿಸುವುದು ಒಂದೇ ದಿಕ್ಕಿಗೆ. ಕೂದಲೆಳೆಯಷ್ಟು ದಾಟಿದರೂ ಹಿಂದಕ್ಕೆ ಎಳೆಯುವ ಹಾಗಿಲ್ಲ, ಎಳೆದರೆ ಚೈನಿನ ಸಡಿಲವೆಲ್ಲ ಇನ್ನೊಂದು ಮಗ್ಗುಲಿಗೆ ಹೋಗಿ ಗುರುತುಗಳು ಸುಳ್ಳು ಹೇಳತೊಡಗುತ್ತವೆ. ದಾಟಿದರೆ ದಾಟಿತು, ಮತ್ತೆ ಸುತ್ತು ಹಾಕಿಯೇ ಬರಬೇಕು.

ಕೊಂಡಿಗಳಿಗೆ ಹಚ್ಚಲು ಅಕ್ಕ ತಂದದ್ದು ಕೆಂಪು ಉಗುರುಬಣ್ಣ. ಹುಟ್ಟಿದ ಮೇಲೆ ಒಮ್ಮೆಯೂ ತನ್ನ ಉಗುರಿಗೆ ಹಚ್ಚಿಕೊಂಡವಳಲ್ಲ. ಅಂಗಡಿಯವಳು "ಈ ಬಣ್ಣ ನಿಮಗೆ ಚೆನ್ನಾಗಿ ಒಪ್ಪುತ್ತೆ" ಅಂದರೆ "ನಂಗಲ್ಲಮ್ಮ, ಎಂಜಿನ್ನಿಗೆ" ಅಂತ ಹೇಳಿ ಅವಳನ್ನು ಕಕ್ಕಾಬಿಕ್ಕಿ ಮಾಡಿ ಬರುತ್ತಿದ್ದಳು.

ಮೊದಲ ಸಲ ಇಬ್ಬರೂ ಸೇರಿ ಪೇಚಿಗೆ ಸಿಕ್ಕಿದ್ದರು. ಚೈನು ಕೂರಿಸಿ, ಪರೀಕ್ಷೆಗೆ ಅಂತ ಎರಡು ಸುತ್ತು ತಿರುಗಿಸಿದರು. ಗಾಲಿಗಳ ಗುರುತು ಸರಿಯಾಗಿ ಬಂತು, ಆದರೆ ಕೆಂಪು ಕೊಂಡಿಗಳು ಎಲ್ಲೋ ಹೋಗಿದ್ದವು. ಅವನು ತಪ್ಪಾಯಿತೆಂದು ಬಿಚ್ಚಿ ಮತ್ತೆ ಕೂರಿಸಿದ. ಮತ್ತೆ ಹಾಗೇ. ಮೂರನೆಯ ಸಲ ಸ್ಪ್ಯಾನರ್ ಎಸೆದು ತಲೆ ಚಚ್ಚಿಕೊಂಡಾಗ ಅಕ್ಕ ಅಂದಳು: "ಗಾಲಿ ಸರಿ ಇದೆ ತಾನೇ? ಕೆಂಪು ತಿರುಗಾಡೋಕೆ ಹೋಗಿದೆ, ಬರುತ್ತೆ. ನೀನು ತಿರುಗಿಸ್ತಾ ಇರು, ನಾನು ನೋಡ್ತೀನಿ." ಒಂದೊಂದು ಸುತ್ತಿಗೆ ಒಂದೊಂದು ಗೀಟನ್ನು ಬಟ್ಟೆ ಗುರುತು ಮಾಡುವ ಚಾಕ್‌ಪೀಸಿನಿಂದ ಗೋಡೆಯ ಮೇಲೆ ಎಳೆದಳು. ಗೀಟು ಮೊಳದುದ್ದ ಆದ ಮೇಲೆ ಕೆಂಪು ಕೊಂಡಿಗಳು ಏನೂ ಆಗಿಲ್ಲವೆಂಬಂತೆ ಬಂದು ತಮ್ಮ ತಮ್ಮ ಗುರುತಿನ ಎದುರು ನಿಂತವು. ಚೈನಿನ ಕೊಂಡಿಗಳ ಸಂಖ್ಯೆ ಒಂದು, ಗಾಲಿಯ ಹಲ್ಲುಗಳ ಸಂಖ್ಯೆ ಇನ್ನೊಂದು, ಎಲ್ಲ ಒಟ್ಟಿಗೆ ಮನೆ ಸೇರಲು ಅಷ್ಟು ಹೊತ್ತು ಬೇಕು. ಬೇರೆ ಮೆಕ್ಯಾನಿಕ್ಕುಗಳು ಗಾಲಿ ಗುರುತು ನೋಡಿ ಮುಚ್ಚಿಬಿಡುತ್ತಾರೆ, ಅಷ್ಟು ಸಾಕೂ ಸಾಕು. ಅಕ್ಕ ಒಪ್ಪಲಿಲ್ಲ. "ಹೊರಟೋರು ಬಂದ್ಮೇಲೆ ಬಾಗಿಲು ಹಾಕೋಣ" ಅಂದಳು. ಅಂದಿನಿಂದ ಆ ಷೆಡ್ಡಿನಲ್ಲಿ ಕೆಂಪು ಕೊಂಡಿಗಳು ವಾಪಸು ಬಾರದೆ ಯಾವ ಎಂಜಿನ್ನೂ ಮುಚ್ಚಿದ್ದಿಲ್ಲ. ನಿಧಾನಯ್ಯನಿಗೆ ಆ ಹೆಸರು ಬರಲು ಅರ್ಧ ಕಾರಣ ಅಕ್ಕನೇ.

ಇನ್ನೊಂದು ರೂಢಿಯಿತ್ತು. ಚೈನನ್ನು ಬಿಗಿಯಾಗಿ ಒತ್ತಿ ಹಿಡಿಯುವ ಟೆನ್ಷನರ್ ಹೊಸದಾಗಿ ಬರುವಾಗ ಅದರ ಮೂತಿಯನ್ನು ಒಳಗೆ ತಳ್ಳಿ ಒಂದು ತಂತಿಯ ಪಿನ್ನು ಚುಚ್ಚಿ ಕಳಿಸಿರುತ್ತಾರೆ. ಚೈನು ಕೂರಿಸಿದ ಮೇಲೆ ಪಿನ್ನು ಕೀಳಬೇಕು. ಅಕ್ಕ ಬಾನೆಟ್ಟಿನ ಮೇಲಿಂದ ಅಂಗೈ ಚಾಚಿ "ಪಿನ್ನು ಎಲ್ಲಿ?" ಅನ್ನುವಳು, ಅವನು ಕಿತ್ತು ಆ ಅಂಗೈಗೆ ಹಾಕುವನು. ಅದು ಹೋಗಿ ಅವಳ ಸೂಜಿದಿಂಬಿನಲ್ಲಿ ಚುಚ್ಚಿಕೊಳ್ಳುತ್ತಿತ್ತು. ಮೂವತ್ತು ವರ್ಷದಲ್ಲಿ ಆ ಪುಟ್ಟ ದಿಂಬಿನಲ್ಲಿ ಸೂಜಿಗಳಿಗಿಂತ ಎಂಜಿನ್ನಿನ ಪಿನ್ನುಗಳೇ ಜಾಸ್ತಿಯಾಗಿದ್ದವು.

ಈಗ ಗುಂಡಿಯ ಮೇಲೆ ನಿಂತಿದ್ದದ್ದು ಹಲ್ಲಿನ ಡಾಕ್ಟರ ಕಾರು. ಎರಡೇ ಸೀಟು, ಉದ್ದ ಮೂತಿ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಆ ಮಾದರಿಯನ್ನು ತಯಾರಿಸುವುದು ನಿಂತು ಎಷ್ಟೋ ಕಾಲವಾಗಿತ್ತು. ಪಿಸ್ಟನ್ನು ಹಾಳಾದರೆ ಬೇರೆ ಪಿಸ್ಟನ್ನು ಎಲ್ಲೂ ಸಿಗುವಂತಿರಲಿಲ್ಲ. ಚಾಲೂ ಮಾಡಿದರೆ ಡಬ್ಬದಲ್ಲಿ ಮೊಳೆ ಹಾಕಿ ಅಲ್ಲಾಡಿಸಿದ ಸದ್ದು. ಒಂದೇ ಸಾಲಿನ ಹಳೆಯ ಚೈನು ಜಗ್ಗಿಹೋಗಿತ್ತು. ಅದರ ಜಾಗಕ್ಕೆ ಎರಡು ಸಾಲಿನ ಚೈನು, ಅಗಲದ ಹೊಸ ಹಲ್ಲುಗಾಲಿಗಳು, ಎಣ್ಣೆಯ ಒತ್ತಡದಲ್ಲಿ ಕೆಲಸ ಮಾಡುವ ಹೊಸ ಟೆನ್ಷನರ್ ಹಾಕುವುದೆಂದು ತೀರ್ಮಾನವಾಗಿತ್ತು. "ಗಟ್ಟಿ ಹಲ್ಲು ಕಟ್ಟಿಸ್ತಿದ್ದೀನಿ" ಅಂತ ಡಾಕ್ಟರು ಬಂದಾಗಲೆಲ್ಲ ಒಂದೇ ತಮಾಷೆ ಮಾಡುತ್ತಿದ್ದರು, ಅಕ್ಕ ಪ್ರತಿಸಲವೂ ಮರ್ಯಾದೆಗೆ ನಗುತ್ತಿದ್ದಳು.

ಆ ಮಂಗಳವಾರ ಗುಂಡಿಯ ಮೇಲೆ ಇದ್ದದ್ದೂ ಇದೇ ಕಾರು. ಹಳೆಯ ಚೈನು ಬಿಚ್ಚುವ ಮೊದಲು ಗುರುತುಗಳನ್ನು ಒಂದು ಮಾಡಿಕೊಳ್ಳಬೇಕಿತ್ತು. ಅವನು ಗುಂಡಿಗಿಳಿದು "ಅಕ್ಕಾ, ಬಾ" ಅಂತ ಕೂಗಿದ. ಮಿಷನ್ನಿನ ಸದ್ದು ನಿಂತಿತು. ಎದ್ದು ಬರುತ್ತಿದ್ದಾಳೆ ಅಂದುಕೊಂಡು ಸ್ಪ್ಯಾನರ್ ಹಿಡಿದು ಕಾದ. ಬರಲಿಲ್ಲ. ಮತ್ತೆ ಕೂಗಿದ. ಒಳಗೆ ಹೋಗಿರಬೇಕು, ಗಿರಾಕಿ ಬಂದಿರಬೇಕು, ಫೋನಿನಲ್ಲಿ ಮಗಳಿರಬೇಕು ಅಂತ ಏನೇನೋ ಅಂದುಕೊಂಡು ಹತ್ತು ನಿಮಿಷ ಕಾದ. ಆಮೇಲೆ ಸಿಟ್ಟು ಬಂತು. "ಕಿವಿ ಕೇಳಿಸಲ್ವಾ?" ಅಂತ ಗದರಿ ಮೆಟ್ಟಿಲು ಹತ್ತಿ ಬಂದ. ಅಕ್ಕ ಮಿಷನ್ನಿನ ಮೇಲೆ ತಲೆಯಿಟ್ಟುಕೊಂಡಿದ್ದಳು. ಸೂಜಿ ಅರ್ಧ ಹೊಲಿಗೆಯಲ್ಲಿ ನಿಂತಿತ್ತು. ಈ ಹತ್ತು ನಿಮಿಷದ ಸಂಗತಿಯನ್ನು ಅವನು ಯಾರಿಗೂ ಹೇಳಲಿಲ್ಲ. ಕೇಳಿದವರಿಗೆ "ಮೇಲೆ ಬಂದು ನೋಡಿದೆ, ಹೋಗಿದ್ಳು" ಅಂದ.

ಅಕ್ಕನ ಮಗಳು ಶಾಲೆಯಲ್ಲಿ ಲೆಕ್ಕದ ಟೀಚರು. ಮದುವೆಯಾಗಿ ಎರಡು ಬೀದಿ ಆಚೆ ಇದ್ದಾಳೆ. ಅವಳು ವಾರಗಟ್ಟಲೆ ಅತ್ತಳು. ಒಂದು ದಿನ ಅಮ್ಮನ ಬಟ್ಟೆಗಳನ್ನು ತೆಗೆದಿಡಲು ಬಂದವಳು ಕೋಣೆಯಲ್ಲಿ ಒಬ್ಬಳೇ ಕೂತು ಅತ್ತು, ಹೊರಗೆ ಬಂದರೆ ಮಾವ ಅರದಿಂದ ಏನನ್ನೋ ಉಜ್ಜುತ್ತಿದ್ದ. ಎಂಜಿನ್ನಿನ ಮುಂದಿನ ಮುಚ್ಚಳದ ಒಳಮೈ ಅದು. ಎರಡು ಸಾಲಿನ ಚೈನಿಗೆ ಜಾಗ ಸಾಲದೆ ಎಳ್ಳಷ್ಟೆಳ್ಳಷ್ಟೇ ತೆಗೆಯುತ್ತಿದ್ದ.

"ಮಾವ, ನಿಂಗೆ ಏನೂ ಅನ್ನಿಸಲ್ವಾ?" ಅಂತ ಕೇಳಿದಳು.

ಅವನು ಪ್ರಾಮಾಣಿಕವಾಗಿ ಯೋಚಿಸಿದ. ಏನೂ ಅನ್ನಿಸುತ್ತಿರಲಿಲ್ಲ. "ಹೂಂ" ಅಂದ.

"ಕಲ್ಲು ಕಣೋ ನೀನು" ಅಂದುಬಿಟ್ಟಳು. ಮಾವನನ್ನು ಅವಳು ಎಂದೂ ಹಾಗೆ ಅಂದವಳಲ್ಲ. ಚೀಲ ಎತ್ತಿಕೊಂಡು ಹೋದವಳು ಆಮೇಲೆ ಈ ಕಡೆ ತಲೆ ಹಾಕಲಿಲ್ಲ.

ಜೋಮು ಮನಸ್ಸಿನಲ್ಲೇ ಇದ್ದಿದ್ದರೆ ಹೇಗೋ ನಡೆಯುತ್ತಿತ್ತು. ಅದು ಕೈಗೂ ಇಳಿಯಿತು. ಹೋದ ತಿಂಗಳು ಟೈರಿನವನ ವ್ಯಾನಿನ ಎಣ್ಣೆ ಬದಲಾಯಿಸಿ ಕೆಳಗಿನ ಬೋಲ್ಟನ್ನು ಬಿಗಿ ಮಾಡದೆ ಕಳಿಸಿದ. ವ್ಯಾನು ಬೀದಿಯುದ್ದಕ್ಕೂ ಎಣ್ಣೆ ಚೆಲ್ಲುತ್ತ ಹೋಗಿ ತಿರುವಿನಲ್ಲಿ ನಿಂತಿತು. ಬಾಯಿಬಡುಕ ಟೈರಿನವನು ಅಂದು ಒಂದು ಮಾತೂ ಆಡಲಿಲ್ಲ. ಬಕೆಟ್ಟಿನಲ್ಲಿ ಮರಳು ತಂದು ತಾನೇ ಬೀದಿಗೆ ಹರಡಿದ. ಅವನು ಬೈದಿದ್ದರೆ ಚೆನ್ನಾಗಿತ್ತು. ಮರಳು ನೋಡುತ್ತ ನಿಧಾನಯ್ಯ ತೀರ್ಮಾನ ಮಾಡಿದ: ಡಾಕ್ಟರ ಎಂಜಿನ್ನು ಒಂದು ಮುಗಿಸುವುದು. ಅದು ಸರಿಯಾಗಿ ಮುಚ್ಚಿದರೆ ಆಯಿತು. ಅದೂ ಕೆಟ್ಟರೆ ಷಟರ್ ಎಳೆದು, ಇನ್ನು ಈ ಕೈಯಲ್ಲಿ ಸ್ಪ್ಯಾನರ್ ಹಿಡಿಯುವುದಿಲ್ಲ.

ಎಲ್ಲ ಕೂರಿಸಿಯೂ ಆಯಿತು. ಆದರೆ ಮೇಲೆ ನಿಂತು ಗುರುತು ನೋಡುವವರು ಬೇಕಲ್ಲ. ಟೈರಿನವನನ್ನು ಕರೆಯಬಹುದಿತ್ತು, ಅವನು ಎರಡು ನಿಮಿಷ ಸುಮ್ಮನೆ ಒಂದು ಕಡೆ ದೃಷ್ಟಿಯಿಟ್ಟ ದಾಖಲೆ ಇಲ್ಲ. ನಿಧಾನಯ್ಯ ಮೂರು ದಿನ ಫೋನನ್ನು ಎತ್ತಿಕೊಂಡು, ಇಟ್ಟು, ಕೊನೆಗೆ ಅಕ್ಕನ ಮಗಳಿಗೆ ಮಾಡಿದ.

"ಭಾನುವಾರ ಬರ್ತೀಯಾ? ಗುರುತು ನೋಡೋಕೆ ಯಾರೂ ಇಲ್ಲ."

"ಹತ್ತು ಗಂಟೆಗೆ ಬರ್ತೀನಿ" ಅಂದಳು.

ಬಂದಳು. ಹುಬ್ಬು ಗಂಟಿಕ್ಕಿಕೊಂಡೇ ಬಂದಳು. ಮಾವನ ಮುಖ ನೋಡದೆ ಅಮ್ಮನ ಮಿಷನ್ನಿನ ಹತ್ತಿರ ಹೋಗಿ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು. ಅರ್ಧ ಹೊಲಿದ ಸೀಟಿನ ಕವರು ಸೂಜಿಯ ಕೆಳಗೆ ಹಾಗೇ ಇತ್ತು. ಅವನು ಚೈನಿನ ಕೊಂಡಿಗಳಿಗೆ ಉಗುರುಬಣ್ಣ ಹಚ್ಚುವುದೊಂದನ್ನು ಉಳಿಸಿಕೊಂಡಿದ್ದ. ಶೀಶೆಯ ತಳದಲ್ಲಿ ಬಣ್ಣ ಗಟ್ಟಿಯಾಗಿತ್ತು. ಅವಳು ಅದನ್ನು ಕಿತ್ತುಕೊಂಡು ಎರಡು ಅಂಗೈ ನಡುವೆ ಉಜ್ಜಿ ಬಿಸಿ ಮಾಡಿ, ಅವನು ತೋರಿಸಿದ ಮೂರು ಕೊಂಡಿಗಳಿಗೆ, ಮೇಲೆ ಎರಡು, ಕೆಳಗೆ ಒಂದು, ಒಂದೊಂದು ತೊಟ್ಟು ಹಚ್ಚಿದಳು.

"ಎಷ್ಟು ಸುತ್ತು?" ಅಂತ ಕೇಳಿದಳು. ಸಣ್ಣವಳಿದ್ದಾಗ ಈ ಆಟ ನೋಡಿಯೇ ಬೆಳೆದವಳು.

"ಈ ಸಲ ಅದೆಲ್ಲ ಬೇಡ. ಎರಡು ಸುತ್ತು ನೋಡಿ ಮುಚ್ಚಿಬಿಡೋಣ. ಅಷ್ಟೇ ಸಾಕು, ಎಲ್ಲರೂ ಹಾಗೇ ಮಾಡೋದು."

"ಎಲ್ಲರೂ ಮಾಡೋ ಹಾಗೆ ಮಾಡೋಕೆ ನನ್ನ ಯಾಕೆ ಕರೆದೆ?" ಅಂದಳು. "ಹಲ್ಲೆಷ್ಟು ಹೇಳು."

ಕೆಳಗಿನ ಗಾಲಿಗೆ ಹದಿನೆಂಟು ಹಲ್ಲು, ಮೇಲಿನವಕ್ಕೆ ಮೂವತ್ತಾರು, ಚೈನಿಗೆ ನೂರಿಪ್ಪತ್ತನಾಲ್ಕು ಕೊಂಡಿ ಅಂತ ಹೇಳಿದ. ಅವಳು ಟೈರಿನವನ ಹಳೆಯ ಬಿಲ್ಲಿನ ಹಿಂದೆ ಏನೋ ಗೀಚಿದಳು. "ಎರಡು ಸುತ್ತಿಗೆ ಮೂವತ್ತಾರು ಕೊಂಡಿ ಮುಂದೆ ಹೋಗುತ್ತೆ. ಅಂಥ ಮೂವತ್ತೊಂದು ಜೋಡಿ ಆದ್ರೆ ಮನೆಗೆ ಬರುತ್ತೆ. ಅರವತ್ತೆರಡು." ಅವನು ಗೋಡೆಯ ಕಡೆ ಕೈ ತೋರಿಸಿದ. ಹನ್ನೆರಡು ವರ್ಷದ ಹಿಂದೆ ಇದೇ ಕಾರಿಗೆ ಒಂದು ಸಾಲಿನ ಚೈನು ಹಾಕಿದಾಗ ಅಕ್ಕ ಎಳೆದ ಗೀಟುಗಳು ಅಲ್ಲಿದ್ದವು. ಯಾರ ಕಾರೆಂದು ತಿಳಿಯಲಿ ಅಂತ ಪಕ್ಕದಲ್ಲಿ ಒಂದು ಹಲ್ಲಿನ ಚಿತ್ರ ಬರೆದಿದ್ದಳು, ಅದು ಮೂಲಂಗಿಯ ಹಾಗೆ ಕಾಣುತ್ತಿತ್ತು. ಮಗಳು ಬೆರಳಿಟ್ಟು ಎಣಿಸಿದಳು. ಅರವತ್ತೆರಡು.

"ಅಮ್ಮ ಶಾಲೇಲಿ ಲೆಕ್ಕದಲ್ಲಿ ಯಾವಾಗ್ಲೂ ಫೇಲಾಗ್ತಿದ್ಳಂತೆ" ಅಂದಳು ಮಗಳು. ನಗಲು ಹೋಗಿ ಅವಳ ಕಣ್ಣು ತುಂಬಿತು. ಅವನು ನೋಡಿದ. ನೋಡಿ ಗುಂಡಿಗಿಳಿದ.

ಒಂದು ಪೂರ್ತಿ ಸುತ್ತಾಗಿ ಕೆಳಗಿನ ಗುರುತು ಬಂದಾಗ ಅವನು "ಹೂಂ" ಅನ್ನುವುದು, ಅವಳು ಗೋಡೆಗೆ ಗೀಟೆಳೆದು ಸಂಖ್ಯೆ ಹೇಳುವುದು ಅಂತಾಯಿತು. ಪ್ಲಗ್ಗುಗಳನ್ನು ತೆಗೆದಿದ್ದರಿಂದ ಎಂಜಿನ್ನು ಹಗುರಾಗಿ ತಿರುಗುತ್ತಿತ್ತು. ಹೂಂ, ಒಂದು. ಹೂಂ, ಎರಡು. ಗುಂಡಿಯಲ್ಲಿ ಎಣ್ಣೆಯ, ತಂಪು ಸಿಮೆಂಟಿನ ವಾಸನೆ. ಅವನಿಗೆ ಮೇಲೆ ಕಾಣುತ್ತಿದ್ದದ್ದು ಕಾರಿನ ಹೊಟ್ಟೆ ಮತ್ತು ಅದರಾಚೆ ಅವಳ ಎರಡು ಚಪ್ಪಲಿ. ಏನೂ ಅನ್ನಿಸುತ್ತಿರಲಿಲ್ಲ. ಕೈ ಹೋಗುತ್ತಿತ್ತು, ಬಾಯಿ ಹೂಂ ಅನ್ನುತ್ತಿತ್ತು.

ಹತ್ತೊಂಬತ್ತಕ್ಕೆ ಅವಳು ಗೀಟೆಳೆಯಲಿಲ್ಲ.

"ಮಾವ, ಒಂದು ನಿಮಿಷ. ಇಲ್ಲಿ ಪಕ್ಕದಲ್ಲಿ ಒಂದು ಮೂತಿ ಇದೆಯಲ್ಲ, ಅದು ಚೈನಿಗೆ ಮುಟ್ಟೇ ಇಲ್ಲ. ಚೈನು ಜೋಲ್ತಾ ಇದೆ. ಅದರಲ್ಲಿ ಒಂದು ತಂತಿ ಬೇರೆ ಸಿಕ್ಕಿಕೊಂಡಿದೆ. ಅದು ಹಾಗೇ ಇರಬೇಕಾ?"

ಅವನು ಸ್ಪ್ಯಾನರ್ ಬಿಟ್ಟ. ಮೆಟ್ಟಿಲುಗಳನ್ನು ಹೇಗೆ ಹತ್ತಿದನೋ ಅವನಿಗೇ ತಿಳಿಯದು. ಬಾನೆಟ್ಟಿಗೆ ಬಗ್ಗಿ ನೋಡಿದ. ಪಿನ್ನು ಕಿತ್ತಿರಲಿಲ್ಲ. ಮೂವತ್ತು ವರ್ಷ, ಒಂದೊಂದು ಎಂಜಿನ್ನಿಗೂ, "ಪಿನ್ನು ಎಲ್ಲಿ?" ಅಂತ ಕೇಳಿದ ಮೇಲೆ ಕಿತ್ತಿದ್ದ. ಕೇಳುವುದು ಅಕ್ಕನ ಕೆಲಸವಾಗಿತ್ತು. ಈ ಸಲ ಯಾರೂ ಕೇಳಿರಲಿಲ್ಲ. ಎರಡೇ ಸುತ್ತಿಗೆ ಮುಚ್ಚಿ ಚಾಲೂ ಮಾಡಿದ್ದರೆ, ಸಡಿಲ ಚೈನು ಮೊದಲ ನಿಮಿಷದಲ್ಲೇ ಹಲ್ಲು ಹಾರಿ ಎಂಜಿನ್ನು ತನ್ನ ಪಿಸ್ಟನ್ನುಗಳನ್ನು ತಾನೇ ನುಚ್ಚು ಮಾಡಿಕೊಳ್ಳುತ್ತಿತ್ತು.

"ಇರಬಾರದು" ಅಂದ. ಇಕ್ಕಳದಿಂದ ಪಿನ್ನು ಎಳೆದ. ಟಕ್ ಅಂತ ಮೂತಿ ಮುಂದೆ ಬಂದು ಚೈನು ಬಿಗಿಯಾಯಿತು. ಕೆಳಗಿಳಿದು ಇನ್ನೊಂದು ಸುತ್ತು ಹಾಕಿ, ಮತ್ತೆ ಮೇಲೆ ಬಂದು ಗಾಲಿಯ ಗುರುತುಗಳನ್ನು ನೋಡಿದ. ಸರಿಯಾಗಿದ್ದವು, ಹಲ್ಲು ಹಾರಿರಲಿಲ್ಲ. ಆಮೇಲೆ ಪಿನ್ನನ್ನು ಹಿಡಿದುಕೊಂಡು ಹಾಗೇ ನಿಂತ. ಎಲ್ಲಿಡಬೇಕೆಂದು ತೋಚಲಿಲ್ಲ. ಅಂಗೈ ಚಾಚಿದ್ದು ಮಗಳು. ಪಿನ್ನು ತೆಗೆದುಕೊಂಡು ಹೋಗಿ, ಯಾರೂ ಹೇಳದೆಯೇ, ಸೂಜಿದಿಂಬಿನಲ್ಲಿ ಉಳಿದವುಗಳ ಪಕ್ಕಕ್ಕೆ ಚುಚ್ಚಿದಳು.

"ಹತ್ತೊಂಬತ್ತು, ಇಪ್ಪತ್ತು" ಅಂತ ಎರಡು ಗೀಟೆಳೆದಳು. "ಇಳಿ ಮಾವ."

ಅವನು ಇಳಿದ. ಸ್ಪ್ಯಾನರ್ ಎರಡು ಸಲ ನಟ್ಟಿನಿಂದ ಜಾರಿತು. ಹೆದರಿಕೆಗೆ ಅಂದುಕೊಂಡ. ಮೂರು ತಿಂಗಳಲ್ಲಿ ಹೆದರಿಕೆಯೂ ಆಗಿರಲಿಲ್ಲ. ಹೂಂ, ಇಪ್ಪತ್ತೊಂದು. ಹೂಂ, ಇಪ್ಪತ್ತೆರಡು. ಮೂವತ್ತಾದ ಮೇಲೆ ಅವಳ ದನಿಯಲ್ಲಿ ಬಿಗಿ ಹೋಗಿ ಶಾಲೆಯಲ್ಲಿ ಮಗ್ಗಿ ಹೇಳಿಸುವ ರಾಗ ಬಂತು.

"ಅರವತ್ತೊಂದು. ಮಾವ, ಕೆಂಪು ಬರ್ತಿದೆ. ಎರಡೂ ಬರ್ತಿದೆ. ನಿಧಾನ. ಇನ್ನು ಸ್ವಲ್ಪ. ಸಾಕು."

ಮಗಳ ದನಿ ತೆಳು, ಅಕ್ಕನದು ದಪ್ಪ. ಆದರೆ ಆ ಮಾತನ್ನು ದಾರವನ್ನು ಹಲ್ಲಿನಲ್ಲಿ ಕಡಿದ ಹಾಗೆ ಚಕ್ಕನೆ ತುಂಡು ಮಾಡುವ ರೀತಿ ಅಕ್ಕನದೇ. ಕೆಳಗೆ ಅವನ ಎದುರೂ ಕೆಂಪು ಕೊಂಡಿ ಗುರುತಿನ ಹತ್ತಿರ ಬಂದಿತ್ತು. ಅವನು ನೋಡುತ್ತಿದ್ದ ಹಾಗೇ ಆ ಕೆಂಪು ಅಗಲವಾಯಿತು, ಕದಡಿತು. ಕಣ್ಣಿಗೆ ಎಣ್ಣೆ ಬಿತ್ತೇನೋ ಅಂದುಕೊಂಡ. ಸ್ಪ್ಯಾನರ್ ಹಿಡಿದ ಕೈ ನಿಲ್ಲಲಿಲ್ಲ, ತನ್ನ ಪಾಡಿಗೆ ಮುಂದೆ ಹೋಯಿತು.

"ಮಾವ! ಸಾಕು ಅಂದೆ. ದಾಟಿಹೋಯ್ತು!"

ಗುಂಡಿಯಿಂದ ಸದ್ದಿಲ್ಲ.

"ಮಾವ, ಕಿವಿ ಕೇಳಿಸಲ್ವಾ?"

ಆಗ ಕೆಳಗಿನಿಂದ ಒಂದು ಸದ್ದು ಬಂತು. ಅವಳು ಹೆದರಿ ಮಂಡಿಯೂರಿ ಬಗ್ಗಿ ನೋಡಿದಳು. ಮಾವ ಗುಂಡಿಯ ಕೊನೆಯ ಮೆಟ್ಟಿಲ ಮೇಲೆ ಕೂತಿದ್ದ. ಎಣ್ಣೆ ಕೈಯನ್ನು ಮುಖಕ್ಕೆ ಒತ್ತಿಕೊಂಡು ಅಳುತ್ತಿದ್ದ. ಅಭ್ಯಾಸವಿಲ್ಲದವರು ಅಳುವ ಹಾಗೆ, ದೊಡ್ಡದಾಗಿ, ಕೆಮ್ಮುತ್ತ, ನಾಚಿಕೆ ಬಿಟ್ಟು.

"ಅವತ್ತು ನಾನೂ ಇದನ್ನೇ ಅಂದೆ ಕಣೇ" ಅಂದ. "ಕೂಗಿದೆ, ಬರಲಿಲ್ಲ. ಹತ್ತು ನಿಮಿಷ ಇಲ್ಲೇ ನಿಂತಿದ್ದೆ. ಎದ್ದು ಬಂದು ನೋಡಲಿಲ್ಲ. ಕಿವಿ ಕೇಳಿಸಲ್ವಾ ಅಂತ ಬೈದೆ."

ಅವಳು ಗುಂಡಿಯ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟಳು. ಅವಳ ಕೆನ್ನೆಯ ಮೇಲೂ ನೀರು ಇಳಿಯುತ್ತಿತ್ತು, ಒರೆಸಿಕೊಂಡಾಗ ಚಾಕ್‌ಪೀಸಿನ ಬಿಳಿ ಅಂಟಿತು.

"ಅದು ಅಮ್ಮನ ಮಾತೇ ಮಾವ" ಅಂದಳು. "ದಿನಕ್ಕೆ ಹತ್ತು ಸಲ ನಿಂಗೂ ಅಂತಿದ್ಳು, ನಂಗೂ ಅಂತಿದ್ಳು. ನಮಗಿಬ್ರಿಗೂ ಅವಳೇ ಕಲಿಸಿದ್ದು."

ಅವನು ತಲೆಯಾಡಿಸಿದ. ಅಳು ನಿಲ್ಲಲಿಲ್ಲ. ಅವಳು ನಿಲ್ಲಿಸು ಅನ್ನಲಿಲ್ಲ. ಹೊರಗೆ ಟೈರಿನವನು ಷಟರಿನ ಹತ್ತಿರ ಬಂದು, ಒಳಗೆ ಇಣುಕಿ, ಬಂದ ಹೆಜ್ಜೆಯಲ್ಲೇ ವಾಪಸು ಹೋದ.

"ಈಗ ಹಿಂದಕ್ಕೆ ಒಂಚೂರು ತಿರುಗಿಸೋ ಹಾಗಿಲ್ಲವಾ?" ಅಂತ ಆಮೇಲೆ ಕೇಳಿದಳು.

"ಇಲ್ಲ."

"ಮತ್ತೆ ಅರವತ್ತೆರಡಾ?"

"ಅರವತ್ತೆರಡು."

ಅವಳು ಎದ್ದು, ಅಮ್ಮನ ಗೀಟುಗಳ ಕೆಳಗೆ ತಾನೆಳೆದ ಗೀಟುಗಳ ಕೆಳಗೆ ಇನ್ನೊಂದು ಸಾಲಿಗೆ ಜಾಗ ನೋಡಿಕೊಂಡಳು. ಸೆರಗು ಸಿಕ್ಕಿಸಿ ಬಾನೆಟ್ಟಿನೊಳಗೆ ಬಗ್ಗಿದಳು.

"ನಂಗೇನೂ ಅವಸರ ಇಲ್ಲ" ಅಂದಳು. "ನಿಂಗೆ ಯಾವಾಗ ಆಗುತ್ತೋ ಆಗ ಶುರು ಮಾಡು."

ಸ್ಪ್ಯಾನರ್ ನಟ್ಟಿಗೆ ಕೂತ ಸದ್ದು ಕೇಳಿಸಲು ಸುಮಾರು ಹೊತ್ತಾಯಿತು. ಆಮೇಲೆ ಕೆಳಗಿನಿಂದ ಒದ್ದೆ ಗಂಟಲಿನಲ್ಲಿ ಒಂದು "ಹೂಂ" ಬಂತು.

"ಒಂದು" ಅಂದಳು ಮಗಳು.